ಹಳೆ ಬಂದರಿನ ಗಾಳದ ಅಂಗಡಿ: ಮಸ್ಕಿ ಮೀನಿಗಾಗಿ ಅಲ್ಲಿ ಕೊಂಡ ಸಾಮಾನುಗಳು ಮಿನ್ನೆಸೋಟದಲ್ಲಿ ಹೇಗೆ ಬಾಳಿದವು

ಮಂಗಳೂರಿನ ಹಳೆ ಬಂದರಿನಲ್ಲಿ, ಹಗ್ಗ ಮತ್ತು ಬಲೆ ಮಾರುವ ಮಳಿಗೆಗಳ ಸಾಲಿನ ನಡುವೆ, ಇಬ್ಬರು ನಿಂತರೆ ಮೂರನೆಯವನು ಒಳಗೆ ಹೋಗಲಾಗದಷ್ಟು ಇಕ್ಕಟ್ಟಿನ ಒಂದು ಗಾಳದ ಅಂಗಡಿ ಇದೆ. ಪಣಂಬೂರಿನ ಕಡಲ ಬದಿಗೂ ಸಸಿಹಿತ್ಲುವಿನ ಅಳಿವೆಗೂ ರಜಾದಿನಗಳಲ್ಲಿ ಗಾಳ ಹಿಡಿದು ಹೋಗುವ ಹವ್ಯಾಸ ನನಗೆ ಬಹುಕಾಲದಿಂದ ಇರುವುದರಿಂದ, ಶಾಲೆಯ ಕೆಲಸದಲ್ಲಿದ್ದಾಗಿನಿಂದಲೂ ನಾನು ಆ ಅಂಗಡಿಯ ಗಿರಾಕಿ. ಆದರೆ ಈ ವಿಮರ್ಶೆ ಅಷ್ಟೂ ವರ್ಷಗಳ ವ್ಯವಹಾರವನ್ನು ಕುರಿತದ್ದಲ್ಲ. ಕಳೆದ ವರ್ಷ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ, ಮಿನ್ನಿಯಾಪೊಲಿಸ್‌ನಲ್ಲಿರುವ ಮಗಳು ಮತ್ತು ಅಳಿಯನ ಜೊತೆಗೆ, ಅಮೆರಿಕದ ಉತ್ತರ ಗಡಿಗೆ ಸಮೀಪದ ಲೀಚ್ ಸರೋವರದಲ್ಲಿ ಮೂರು ದಿನ ಮಸ್ಕಿ ಎಂಬ ಮೀನಿಗೆ ಗಾಳ ಹಾಕುವ ಯೋಗ ನನಗೆ ಒದಗಿತು. ಅದಕ್ಕೆ ಬೇಕಾದ ಸಾಮಾನುಗಳಲ್ಲಿ ಮುಕ್ಕಾಲು ಪಾಲನ್ನು ನಾನು ಈ ಅಂಗಡಿಯಿಂದಲೇ ಕೊಂಡೊಯ್ದಿದ್ದೆ. ಅವುಗಳಲ್ಲಿ ಯಾವುದು ಬಾಳಿತು, ಯಾವುದು ಕೈಕೊಟ್ಟಿತು ಎಂಬುದನ್ನು ಬರೆದಿಟ್ಟರೆ, ಮಕ್ಕಳನ್ನು ನೋಡಲು ಆ ದೇಶಕ್ಕೆ ಹೋಗುವ ನಮ್ಮ ಊರಿನ ಇತರ ಗಾಳದ ಹುಚ್ಚಿನವರಿಗೆ ಉಪಯೋಗವಾದೀತು.

ಮಸ್ಕಿ ಎಂದರೆ ಮಸ್ಕೆಲಂಜ್. ಪೈಕ್ ಜಾತಿಯ ಮೀನುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಆ ನೆಲದ ಮೂಲನಿವಾಸಿಗಳಾದ ಓಜಿಬ್ವೆ ಜನರ ಭಾಷೆಯ ಮಾಶ್ಕಿನೋಝೆ ಎಂಬ ಹೆಸರಿನಿಂದ ಈ ಪದ ಬಂದಿದೆ. ಉದ್ದನೆಯ ಮೈ, ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ಮೂತಿ, ಬಾಯಿಯ ತುಂಬ ಸೂಜಿಯಂತಹ ಹಲ್ಲು. ಇದನ್ನು ಅಲ್ಲಿಯವರು ಹತ್ತು ಸಾವಿರ ಎಸೆತದ ಮೀನು ಎನ್ನುತ್ತಾರೆ. ನಿಮಿಷಕ್ಕೆ ಒಂದು ಎಸೆತದಂತೆ ದಿನಕ್ಕೆ ಎಂಟು ಗಂಟೆ ಎಸೆದರೂ ಮೂರು ದಿನಕ್ಕೆ ನನ್ನ ಪಾಲಿಗೆ ಬರುವುದು 1,440 ಎಸೆತ ಮಾತ್ರವೆಂದು ನಾನು ಹೊರಡುವ ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಆದ್ದರಿಂದ ಮೀನು ಸಿಗದಿದ್ದರೆ ಅಂಗಡಿಯನ್ನು ದೂರುವ ಉದ್ದೇಶ ನನಗೆ ಮೊದಲಿನಿಂದಲೂ ಇರಲಿಲ್ಲ.

ಜೂನ್ ತಿಂಗಳ ಮೊದಲ ವಾರದ ಒಂದು ಮಳೆಯ ದಿನ ನಾನು ಅಂಗಡಿಗೆ ಹೋಗಿ ವಿಷಯ ತಿಳಿಸಿದಾಗ ಯಜಮಾನರು ಕೇಳಿದ ಮೊದಲ ಪ್ರಶ್ನೆ, "ಮಸ್ಕಿಯಾ? ಅದು ರಾಯಚೂರಿನ ಕಡೆ ಉಂಟಲ್ಲ ಮಾಷ್ಟ್ರೇ?" ಎಂಬುದಾಗಿತ್ತು. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿದ ಊರು ಅದು ಎಂದು ನಾನು ಪಾಠಕ್ಕೆ ಇಳಿಯುವಷ್ಟರಲ್ಲಿ ಅವರು ಎರಡನೆಯ ಪ್ರಶ್ನೆಗೆ ಹೋಗಿಯಾಗಿತ್ತು: "ಹಲ್ಲುಂಟಾ?" ಉಂಟು ಎಂದೆ. "ಹಾಗಾದ್ರೆ ಸರಿಗೆ ಬೇಕು. ನೀರು ಎಷ್ಟು ಆಳ? ಅಡಿಯಲ್ಲಿ ಕಲ್ಲಾ, ಕೆಸರಾ? ಉಬ್ಬರ ಇಳಿತ ಎಷ್ಟೆಷ್ಟು ಗಂಟೆಗೆ?" ಸರೋವರಕ್ಕೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ ಎಂದಾಗ ಅವರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು, ಮತ್ತೆ ಆ ಮೀನು ಯಾವ ಹೊತ್ತಿಗೆ ತಿನ್ನುತ್ತದೆ ಎಂದು ಗಂಭೀರವಾಗಿಯೇ ಕೇಳಿದರು. ನಾನು ಮನೆಗೆ ಹೋಗಿ ಅಳಿಯನೊಡನೆ ಫೋನಿನಲ್ಲಿ ಚರ್ಚಿಸಿದ ಮೇಲೆ ಗೊತ್ತಾಯಿತು, ಆ ಪ್ರಶ್ನೆಗೆ ಅರ್ಥವಿದೆ ಎಂದು: ಮಸ್ಕಿಯ ಬೆನ್ನುಹತ್ತುವವರೂ ಚಂದ್ರ ಹುಟ್ಟುವ, ಮುಳುಗುವ ಮತ್ತು ನೆತ್ತಿಗೆ ಬರುವ ಹೊತ್ತುಗಳನ್ನು ಬರೆದಿಟ್ಟುಕೊಂಡು, ಆ ಗಳಿಗೆಗೆ ಸರಿಯಾಗಿ ತಾವು ನಂಬಿದ ಕಲ್ಲುದಿಬ್ಬದ ಮೇಲೆ ದೋಣಿ ನಿಲ್ಲಿಸುತ್ತಾರೆ. ಕಡಲಿಲ್ಲದ ನಾಡಿನ ಗಾಳದವರೂ ಪಂಚಾಂಗ ನೋಡುತ್ತಾರೆ ಎಂಬುದು ಯಜಮಾನರಿಗೆ ಬಹಳ ಸಮಾಧಾನ ತಂದಿತು.

ಸರೋವರದ ಆಯ್ಕೆ ಅಂಗಡಿಗೆ ಸಂಬಂಧಿಸಿದ ವಿಷಯವಲ್ಲವಾದರೂ ಸಾಮಾನಿನ ಆಯ್ಕೆ ಅದನ್ನೇ ಅವಲಂಬಿಸಿರುವುದರಿಂದ ಎರಡು ಮಾತು ಹೇಳಬೇಕು. ಅಳಿಯನಿಗೆ ಮೊದಲು ಮನಸ್ಸಿದ್ದದ್ದು ಲೇಕ್ ಆಫ್ ದಿ ವುಡ್ಸ್ ಮೇಲೆ. ನಾಲ್ಕು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರ, ಹದಿನಾಲ್ಕು ಸಾವಿರಕ್ಕೂ ಮಿಕ್ಕಿ ದ್ವೀಪಗಳು. ಆದರೆ ಅದರ ಬಹುಭಾಗ ಕೆನಡಾದ ಒಂಟಾರಿಯೊ ಮತ್ತು ಮ್ಯಾನಿಟೋಬಾ ಪ್ರಾಂತ್ಯಗಳಿಗೆ ಸೇರಿದೆ, ಮತ್ತು ಅಮೆರಿಕದ ವೀಸಾ ಮಾತ್ರ ಇರುವ ಭಾರತೀಯನಿಗೆ ಕೆನಡಾದ ವೀಸಾವನ್ನು ಬೇರೆಯಾಗಿಯೇ ಪಡೆಯಬೇಕಾಗುತ್ತದೆ. ಮಿಲ್ ಲ್ಯಾಕ್ಸ್ ಸರೋವರ ಮಿನ್ನಿಯಾಪೊಲಿಸ್‌ಗೆ ಹತ್ತಿರವಾದರೂ ತಟ್ಟೆಯಂತೆ ಬಯಲಾಗಿದ್ದು, ಗಾಳಿ ಎದ್ದರೆ ಸಣ್ಣ ದೋಣಿಗೆ ಮರೆಯಿಲ್ಲ. ಲೀಚ್ ಸರೋವರ ಪೂರ್ತಿಯಾಗಿ ಮಿನ್ನೆಸೋಟದ ಒಳಗಿದೆ. ಸುಮಾರು ಒಂದು ಲಕ್ಷ ಎಕರೆ ನೀರು, ಒಂದು ಕೊಲ್ಲಿಯಲ್ಲಿ ಗಾಳಿಯಾದರೆ ಇನ್ನೊಂದು ಕೊಲ್ಲಿಗೆ ಸರಿಯಬಹುದಾದ ಆಕಾರ, ದಂಡೆಯಲ್ಲಿ ವಾಕರ್ ಎಂಬ ಪೇಟೆ. ಮಿನ್ನಿಯಾಪೊಲಿಸ್‌ನಿಂದ ಅಲ್ಲಿಗೆ ಸುಮಾರು 300 ಕಿಲೋಮೀಟರ್, ಅಂದರೆ ಮಂಗಳೂರಿನಿಂದ ಬೆಂಗಳೂರಿಗಿಂತ ತುಸು ಕಡಿಮೆ, ಮತ್ತು ನಡುವೆ ಶಿರಾಡಿ ಘಾಟಿ ಇಲ್ಲ. ಮಸ್ಕಿ ಅಲ್ಲಿಯ ಮೂಲದ ಮೀನು. ರಾಜ್ಯದ ಇತರ ಸರೋವರಗಳಿಗೆ ಮರಿ ಬಿಡಲು 1980ರ ದಶಕದಿಂದ ಆರಿಸಿಕೊಂಡದ್ದೂ ಲೀಚ್ ಸರೋವರದ ತಳಿಯನ್ನೇ. 1955ರ ಜುಲೈಯಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ದೊಡ್ಡ ಮಸ್ಕಿಗಳು ಅಲ್ಲಿ ಗಾಳಕ್ಕೆ ಬಿದ್ದ ಕಥೆಯನ್ನು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ನಮ್ಮಲ್ಲಿಯೂ ಅಂತಹ ವರ್ಷಗಳ ಕಥೆಗಳಿಗೆ ಕೊರತೆಯಿಲ್ಲ.

ಆಗಸ್ಟ್ ಕೊನೆಯ ವಾರವನ್ನು ಆರಿಸಿದ್ದಕ್ಕೂ ಕಾರಣವಿದೆ. ಮಿನ್ನೆಸೋಟದಲ್ಲಿ ಮಸ್ಕಿಯ ಕಾಲ ಜೂನ್ ತಿಂಗಳ ಮೊದಲ ಶನಿವಾರ ತೆರೆದು ಡಿಸೆಂಬರ್ 1ಕ್ಕೆ ಮುಚ್ಚುತ್ತದೆ. ನಡುಬೇಸಿಗೆಯಲ್ಲಿ ನೀರು 27 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಹೋರಾಡಿ ದಣಿದ ಮಸ್ಕಿಯನ್ನು ಎಷ್ಟು ಜೋಪಾನವಾಗಿ ಬಿಟ್ಟರೂ ಅದು ಸಾಯುವ ಅಪಾಯ ಹೆಚ್ಚು. ಆ ಬಿಸಿಗೆ ತಿಳಿದವರು ದೋಣಿಯನ್ನೇ ಇಳಿಸುವುದಿಲ್ಲ. ಆಗಸ್ಟ್ ಕೊನೆಗೆ ರಾತ್ರಿಗಳು ತಂಪಾಗಿ ನೀರಿನ ಬಿಸಿ ಇಳಿಮುಖವಾಗಿರುತ್ತದೆ, ನೀರಿನೊಳಗಿನ ಕಳೆ ಇನ್ನೂ ಹಸಿರಾಗಿರುತ್ತದೆ, ಮೀನು ಆ ಕಳೆಯ ಅಂಚಿನಲ್ಲೂ ಗಾಳಿ ಬಡಿಯುವ ಕಲ್ಲಿನ ದಿಬ್ಬಗಳಲ್ಲೂ ಓಡಾಡುತ್ತಿರುತ್ತದೆ.

ಈ ಕಾಲದ ಆಯ್ಕೆಯಿಂದ ನನಗೆ ಇನ್ನೊಂದು ಲಾಭವಾಯಿತು. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ ಬಂದರಿನ ಅಂಗಡಿಗಳಲ್ಲಿ ಆ ಎರಡು ತಿಂಗಳು ವ್ಯಾಪಾರ ಮಂದ. ಬೇರೆ ದಿನಗಳಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಡುವ ಮೊದಲು ಮೂವರು ಗಿರಾಕಿಗಳನ್ನು ಕಳುಹಿಸುವ ಯಜಮಾನರು ಆಗ ಚಹಾ ತರಿಸಿ, ಅಟ್ಟದ ಮೇಲಿನ ಪೆಟ್ಟಿಗೆಗಳನ್ನೆಲ್ಲ ಇಳಿಸಿ ತೋರಿಸಿದರು. ಈ ಅಂಗಡಿಗೆ ಯಾರಾದರೂ ನಿಧಾನದ ಖರೀದಿಗೆ ಹೋಗುವುದಿದ್ದರೆ ಮಳೆಗಾಲದಲ್ಲಿಯೇ ಹೋಗಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಮೊದಲು ರಾಡಿನ ವಿಷಯ. ಮಸ್ಕಿಗೆ ಅಲ್ಲಿಯವರು ಬಳಸುವುದು ಎಂಟೂವರೆಯಿಂದ ಒಂಬತ್ತು ಅಡಿಯ ಗಡುಸಾದ ರಾಡ್. ಅದು ಈ ಅಂಗಡಿಯಲ್ಲಿ ಇಲ್ಲ, ಮಂಗಳೂರಿನಲ್ಲಿ ಎಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಯಜಮಾನರು ತೋರಿಸಿದ್ದು ಕಡಲಿನಲ್ಲಿ ಪಾಪರ್ ಎಂಬ ತೇಲುವ ಕೃತಕ ಎರೆಯನ್ನು ಎಸೆಯಲು ಬಳಸುವ ಏಳೂವರೆ ಅಡಿಯ, ಎರಡು ತುಂಡಿನ ರಾಡ್. ಬೆಲೆ 8,400 ರೂಪಾಯಿ. ಮಸ್ಕಿಗೆ ಎಸೆಯುವ ಸಾಮಾನ್ಯ ಲೂರ್, ಅಂದರೆ ಕೃತಕ ಎರೆ, ಎಂಬತ್ತು ಗ್ರಾಂ ಆಸುಪಾಸಿನದು, ಈ ರಾಡ್ ನೂರೈವತ್ತು ಗ್ರಾಂವರೆಗೆ ಎಸೆಯಬಲ್ಲುದು, ಎರಡು ತುಂಡಾದ್ದರಿಂದ ವಿಮಾನಕ್ಕೂ ಸುಲಭ ಎಂಬ ಮೂರು ಕಾರಣಗಳನ್ನು ಅವರು ಕೊಟ್ಟರು, ಮೂರೂ ನಿಜವಾಗಿದ್ದವು. ಎಸೆಯುವುದರಲ್ಲಿ ಆ ರಾಡ್ ಒಂದು ದಿನವೂ ನನ್ನನ್ನು ಸೋಲಿಸಲಿಲ್ಲ. ಆದರೆ ಮಸ್ಕಿಗೆ ಎಸೆತಕ್ಕಿಂತ ಮುಖ್ಯವಾದ ಕೆಲಸವೊಂದಿದೆ, ಅದು ದೋಣಿಯ ಬದಿಯಲ್ಲಿ ನಡೆಯುವಂಥದ್ದು. ಈ ಮೀನು ಲೂರಿನ ಬೆನ್ನಿಗೆ ಬಿದ್ದು, ಕಚ್ಚದೆ, ದೋಣಿಯ ಪಕ್ಕದವರೆಗೂ ನೆರಳಿನಂತೆ ಬರುತ್ತದೆ. ಆಗ ಲೂರನ್ನು ನೀರಿನಿಂದ ಎತ್ತಿದರೆ ಮೀನು ಮುಳುಗಿ ಮಾಯವಾಗುತ್ತದೆ. ಎತ್ತದೆ, ರಾಡಿನ ತುದಿಯನ್ನು ನೀರಿನೊಳಗೆ ಇಳಿಸಿ, ಅಂಕಿ ಎಂಟರ ಆಕಾರದಲ್ಲಿ, ಅದೂ ಅಗಲವಾದ ತಿರುವುಗಳಲ್ಲಿ ಲೂರನ್ನು ಸುತ್ತಿಸುತ್ತಲೇ ಇರಬೇಕು. ಕಚ್ಚುವುದಿದ್ದರೆ ಅನೇಕ ಮೀನುಗಳು ಆ ತಿರುವಿನಲ್ಲೇ ಕಚ್ಚುತ್ತವೆ. ಏಳೂವರೆ ಅಡಿಯ ರಾಡಿನಲ್ಲಿ ಆ ಎಂಟು ಬರೆಯುವಾಗ ತಿರುವು ಕಿರಿದಾಗುತ್ತದೆ, ಕಡಲಿನ ರಾಡಿಗೆ ಇರುವ ಉದ್ದನೆಯ ಹಿಂಬದಿಯ ಹಿಡಿಕೆ ಪ್ರತಿ ಸುತ್ತಿಗೂ ಹೊಟ್ಟೆಗೆ ತಿವಿಯುತ್ತದೆ. ಮೊದಲ ದಿನ ಬಾಡಿಗೆಗೆ ಗೊತ್ತುಮಾಡಿದ್ದ ಗೈಡ್ ನನ್ನ ರಾಡನ್ನು ಕೈಗೆ ತೆಗೆದುಕೊಂಡು ಎರಡು ಸುತ್ತು ತಿರುಗಿಸಿ ನೋಡಿ, ಏನೂ ಹೇಳದೆ ತನ್ನ ಒಂಬತ್ತು ಅಡಿಯ ರಾಡನ್ನು ನನಗೆ ಕೊಟ್ಟ.

ಇದನ್ನು ಅಂಗಡಿಯ ತಪ್ಪೆಂದು ನಾನು ಎಣಿಸುವುದಿಲ್ಲ, ಏಕೆಂದರೆ ನಮ್ಮ ಕಡಲಿನಲ್ಲಿ ದೋಣಿಯ ಬದಿಯಲ್ಲಿ ಎಂಟು ಬರೆಯುವವರು ಯಾರೂ ಇಲ್ಲ. ರಾಡನ್ನು ಅಲ್ಲಿಯೇ ಬಾಡಿಗೆಗೆ ಪಡೆಯುವುದು ಅಥವಾ ಗೈಡ್‌ನದನ್ನು ಬಳಸುವುದು ಜಾಣತನ ಎಂದಷ್ಟೇ ಹೇಳುತ್ತೇನೆ. ರೀಲಿನ ವಿಷಯವೂ ಹಾಗೆಯೇ: ಅಲ್ಲಿಯವರು ಬಳಸುವ ದೊಡ್ಡ ಬೇಟ್‌ಕಾಸ್ಟರ್ ರೀಲ್ ಇಲ್ಲಿ ಸಿಗಲಿಲ್ಲ, ನನ್ನ ಬಳಿ ಇದ್ದ ಕಡಲಿನ ಸ್ಪಿನ್ನಿಂಗ್ ರೀಲನ್ನೇ ಒಯ್ದೆ, ಅದು ಕೆಲಸ ಮಾಡಿತು, ಮಣಿಕಟ್ಟು ನೋಯಿತು.

ಇನ್ನು ಈ ಅಂಗಡಿಯನ್ನು ಯಾಕೆ ಹೊಗಳಬೇಕು ಎಂಬುದಕ್ಕೆ ಬರುತ್ತೇನೆ. ಅದು ಸರಿಗೆ. ಅಂಜಲ್ ಮೀನಿಗೆ ಗಾಳ ಹಾಕುವವರಿಗೆ ಉಕ್ಕಿನ ಸರಿಗೆಯ ಲೀಡರ್, ಅಂದರೆ ಮೀನಿನ ಹಲ್ಲಿಗೆ ದಾರ ತುಂಡಾಗದಂತೆ ಲೂರಿನ ಮುಂದೆ ಸೇರಿಸುವ ತುಣುಕನ್ನು, ಕಟ್ಟಿಕೊಡುವುದರಲ್ಲಿ ಯಜಮಾನರಿಗೆ ಬಂದರಿನಲ್ಲೇ ಹೆಸರು. ಮೂಲದಾರವಾಗಿ 80 ಪೌಂಡ್ ತೂಕ ತಡೆಯುವ ಬ್ರೇಡ್ ಮುನ್ನೂರು ಮೀಟರ್ ಕೊಟ್ಟ ಮೇಲೆ, ಅದಕ್ಕೆ ತಕ್ಕ ಲೀಡರ್‌ಗಳನ್ನು ಅವರು ನನ್ನ ಎದುರಿನಲ್ಲೇ ಕಟ್ಟಿದರು: ಹಲವು ಎಳೆಗಳನ್ನು ಹೊಸೆದ ಸರಿಗೆ, ಎರಡು ಕಡೆ ತಾಮ್ರದ ಕೊಳವೆ, ಒಂದು ತುದಿಗೆ ಸ್ವಿವಲ್ ಎಂಬ ತಿರುಗುವ ಕೊಂಡಿ, ಇನ್ನೊಂದಕ್ಕೆ ಲೂರ್ ಸಿಕ್ಕಿಸುವ ದಪ್ಪ ಸ್ನ್ಯಾಪ್. ಅಂಜಲಿಗೆ ಕಟ್ಟುವಂತೆ ಮೂರು ಅಡಿ ಉದ್ದ ಇಡೋಣ ಎಂದು ಅವರು ಹಠ ಹಿಡಿದರು. ನಾನು 14 ಇಂಚಿಗಿಂತ ಒಂದು ಬೆರಳೂ ಹೆಚ್ಚು ಬೇಡವೆಂದೆ, ಏಕೆಂದರೆ ಎಂಟು ಬರೆಯುವಾಗ ಲೂರ್ ರಾಡಿನ ತುದಿಗೆ ಒಂದೂಕಾಲು ಅಡಿಯಷ್ಟು ಹತ್ತಿರ ಇರಬೇಕು. ಲೀಡರ್ ಉದ್ದವಾದರೆ ಅದರ ಮೇಲಿನ ಸ್ವಿವಲ್ ರಾಡಿನ ತುದಿಯ ಉಂಗುರಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ಅವರಿಗೆ ವಿವರಿಸಲು ಅಂಗಡಿಯ ನೆಲದ ಮೇಲೆಯೇ ನಾನು ಕೊಡೆಯ ತುದಿಯಿಂದ ಎಂಟು ಬರೆದು ತೋರಿಸಬೇಕಾಯಿತು. ಅರ್ಥವಾದ ಮೇಲೆ ಅವರು ಕಟ್ಟಿದ ಲೀಡರ್ ಒಂದನ್ನು ಶಟರಿನ ಕೊಕ್ಕೆಗೆ ಸಿಕ್ಕಿಸಿ, ಕೆಳತುದಿಗೆ ಸೀಸದ ಗುಂಡುಗಳ ಚೀಲವನ್ನು, ಸುಮಾರು ಮೂವತ್ತು ಕಿಲೋ ಇದ್ದಿರಬೇಕು, ತೂಗುಹಾಕಿ, ಚಹಾ ಕುಡಿದು ಮುಗಿಸುವವರೆಗೆ ಹಾಗೆಯೇ ಬಿಟ್ಟರು. ಲೀಡರ್ ಒಂದಕ್ಕೆ 120 ರೂಪಾಯಿಯಂತೆ ಎಂಟನ್ನು ಕೊಂಡೆ. ಮೂರು ದಿನಗಳಲ್ಲಿ ಒಂದೂ ತಿರುಚಿಕೊಳ್ಳಲಿಲ್ಲ, ಒಂದರ ಕೊಳವೆಯೂ ಜಾರಲಿಲ್ಲ. ಗೈಡ್ ಎರಡನ್ನು ಕೇಳಿ ಇಟ್ಟುಕೊಂಡ. ಅವನ ರಾಡಿಗೆ ಬದಲಾಗಿ ನಾನು ಕೊಡಬಹುದಾಗಿದ್ದುದು ಅದೊಂದೇ.

ಆ ಸೀಸದ ಚೀಲದಿಂದ ಕೆಲವನ್ನು ನನ್ನ ಪೆಟ್ಟಿಗೆಗೂ ಸೇರಿಸಲು ಅವರು ಬಂದರು, ನಾನು ಬೇಡವೆಂದೆ. ಮಿನ್ನೆಸೋಟದ ರಾಜ್ಯಪಕ್ಷಿಯಾದ ಲೂನ್ ನೀರಿನ ತಳದ ಸೀಸದ ತುಂಡುಗಳನ್ನು ನುಂಗಿ ಸಾಯುವುದರಿಂದ, ಅಲ್ಲಿಯ ಸರ್ಕಾರವೇ ಸೀಸ ಬಿಡಿ ಎಂದು ಗಾಳದವರನ್ನು ಕೇಳಿಕೊಳ್ಳುತ್ತದೆ.

ಲೂರ್‌ಗಳಲ್ಲಿ ಅಂಗಡಿಯ ಸಂಗ್ರಹ ನಮ್ಮ ಕಡಲಿಗೆ ತಕ್ಕದ್ದು. ಎರಡು ದೊಡ್ಡ ತಗಡಿನ ಎಲೆಗಳು ಗಿರಗಿರನೆ ತಿರುಗುವ, ಹಿಂದೆ ಕುಚ್ಚಿರುವ ಬಕ್‌ಟೇಲ್ ಎಂಬುದು ಮಸ್ಕಿಯ ಮುಖ್ಯ ಆಹಾರವೇನೋ ಎಂಬಷ್ಟು ಅಲ್ಲಿ ಬಳಕೆಯಲ್ಲಿದೆ. ಅದು ಇಲ್ಲಿ ಇಲ್ಲ, ವಾಕರ್ ಪೇಟೆಯಲ್ಲಿ ಕೊಂಡೆವು. ನಾನು ಇಲ್ಲಿಂದ ಒಯ್ದದ್ದು ಎರಡು ಪಾಪರ್ ಮತ್ತು ಇಪ್ಪತ್ತು ಸೆಂಟಿಮೀಟರ್ ಉದ್ದದ, ಬೆಳ್ಳಿಬಣ್ಣದ, ಮುಳುಗಿ ಈಜುವ ಮೂರು ಲೂರ್‌ಗಳು. ಲೀಚ್ ಸರೋವರದ ಮಸ್ಕಿಗಳು ಟಲಿಬೀ ಎಂಬ ಬೆಳ್ಳಿಮೈಯ ಮೀನನ್ನು ತಿಂದು ಕೊಬ್ಬುತ್ತವೆಯಾದ್ದರಿಂದ ಆ ಬಣ್ಣ ಸರಿಯಾದ ಆಯ್ಕೆಯಾಗಿತ್ತು. ಆದರೆ ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ನೋವು ತಂದ ಸಾಮಾನೂ ಅದೇ.

ಮೂರನೆಯ ದಿನ ಸಂಜೆ, ಪೆಲಿಕನ್ ದ್ವೀಪದ ಬಳಿಯ ಕಲ್ಲುದಿಬ್ಬದ ಮೇಲೆ, ಗಾಳಿ ಬೀಸುತ್ತಿದ್ದಾಗ, ಆ ಲೂರಿನ ಹಿಂದೆ ಕಂದುಬಣ್ಣದ ನೆರಳೊಂದು ಬಂತು. ಅದುವರೆಗೆ ಮೂರು ಮೀನುಗಳು ಹಾಗೆ ಬಂದು ಹಿಂದಿರುಗಿದ್ದವು. ಅವುಗಳಲ್ಲಿ ಮೊದಲನೆಯದನ್ನು ಕಂಡಾಗ ನಾನು ಗಾಬರಿಯಿಂದ ಲೂರನ್ನು ಎತ್ತಿಯೇ ಬಿಟ್ಟಿದ್ದೆ. ಈ ಬಾರಿ ರಾಡನ್ನು ಮೊಣಕೈಯವರೆಗೆ ಇಳಿಸಿ ಎಂಟು ಬರೆದೆ. ಎರಡನೆಯ ಸುತ್ತಿನ ಹೊರತಿರುವಿನಲ್ಲಿ ಬಿಳಿಯ ಬಾಯಿ ತೆರೆದು ಮುಚ್ಚಿತು. ಮೀನು ಎರಡು ಬಾರಿ ತಲೆ ಕೊಡವಿತು, ಅಷ್ಟೇ. ರಾಡ್ ಹಗುರವಾಯಿತು. ಲೂರನ್ನು ಎತ್ತಿ ನೋಡಿದರೆ ಮುಂದಿನ ಮೂರು ಕೊಕ್ಕೆಯ ಗಾಳವೇ ಇಲ್ಲ. ಅದನ್ನು ಲೂರಿಗೆ ಜೋಡಿಸುವ ಸ್ಪ್ಲಿಟ್ ರಿಂಗ್ ಬಳೆ ಒಡೆದಂತೆ ತೆರೆದುಕೊಂಡಿತ್ತು. ಮೀನು ತಪ್ಪಿಹೋದದ್ದಕ್ಕೆ ನನಗೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಅದಕ್ಕಿಂತ ಹೆಚ್ಚಾಗಿ, ದವಡೆಯಲ್ಲಿ ಮೂರು ಕೊಕ್ಕೆಯ ಗಾಳವನ್ನು ಹೊತ್ತುಕೊಂಡು ಆ ಮೀನು ಹೋಯಿತಲ್ಲ ಎಂಬುದು ಆ ರಾತ್ರಿ ನಿದ್ದೆ ಕೆಡಿಸಿತು. ಸರಿಗೆಗೆ ಮೂವತ್ತು ಕಿಲೋ ತೂಗುಹಾಕಿ ಪರೀಕ್ಷಿಸಿದ ಅಂಗಡಿ, ಲೂರಿನ ಜೊತೆಗೆ ಕಾರ್ಖಾನೆಯಿಂದಲೇ ಬಂದ ರಿಂಗನ್ನು ಮುಟ್ಟಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಊರಿಗೆ ಬಂದ ಮೇಲೆ ಆ ಲೂರನ್ನು ಮೇಜಿನ ಮೇಲಿಟ್ಟಾಗ ಯಜಮಾನರು ಒಂದು ಕ್ಷಣವೂ ಯೋಚಿಸದೆ, "ಅದು ಬರುವುದೇ ಹಾಗೆ ಮಾಷ್ಟ್ರೇ, ರಿಂಗ್ ಬದಲಿಸಿಯೇ ನೀರಿಗೆ ಹಾಕ್ಬೇಕು" ಎಂದರು. ಹಾಗಿದ್ದರೆ ಮಾರುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಕೇಳ್ಲಿಲ್ಲ." ಇದೇ ಈ ಅಂಗಡಿಯ ದೊಡ್ಡ ದೋಷ. ಅಲ್ಲಿ ಅನುಭವ ಬೇಕಾದಷ್ಟಿದೆ, ಆದರೆ ಗಿರಾಕಿ ಕೇಳಿದ್ದಕ್ಕೆ ಮಾತ್ರ ಅದು ಹೊರಬರುತ್ತದೆ. ಹೊಸಬನಿಗೆ ಏನನ್ನು ಕೇಳಬೇಕೆಂಬುದೇ ತಿಳಿದಿರುವುದಿಲ್ಲ. ಹಣ ಹಿಂದಿರುಗಿಸುವ ಮಾತು ಬರಲಿಲ್ಲ. ಉಳಿದ ಎರಡು ಲೂರ್‌ಗಳ ರಿಂಗ್‌ಗಳನ್ನು ಮಾತ್ರ ದಪ್ಪನೆಯವಕ್ಕೆ ಬದಲಿಸಿ, ಅದಕ್ಕೆ ಬೆಲೆ ತೆಗೆದುಕೊಳ್ಳಲಿಲ್ಲ.

ಇನ್ನೊಂದು ಕೊರತೆ ದೋಷವೆನ್ನುವುದಕ್ಕಿಂತ ನಮ್ಮ ಊರಿನ ಸ್ವಭಾವ ಎನ್ನಬೇಕು. ಹಿಡಿಯುವುದಕ್ಕೆ ಬೇಕಾದದ್ದೆಲ್ಲ ಆ ಅಂಗಡಿಯಲ್ಲಿದೆ, ಬಿಡುವುದಕ್ಕೆ ಬೇಕಾದದ್ದು ಒಂದೂ ಇಲ್ಲ. ಮಿನ್ನೆಸೋಟದಲ್ಲಿ 54 ಇಂಚಿಗಿಂತ, ಅಂದರೆ 137 ಸೆಂಟಿಮೀಟರಿಗಿಂತ, ಚಿಕ್ಕದಾದ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ಅದಕ್ಕಿಂತ ದೊಡ್ಡದು ಸಿಕ್ಕರೂ ಬಹುತೇಕ ಎಲ್ಲರೂ ಬಿಟ್ಟೇ ಬಿಡುತ್ತಾರೆ, ಏಕೆಂದರೆ ಆ ಗಾತ್ರಕ್ಕೆ ಬೆಳೆಯಲು ಮೀನಿಗೆ ಸಾಮಾನ್ಯವಾಗಿ ಹದಿನೈದು ವರ್ಷಕ್ಕೂ ಮಿಕ್ಕಿ ಬೇಕು. ಆದ್ದರಿಂದ ಮಸ್ಕಿಯ ಸಿದ್ಧತೆಯಲ್ಲಿ ಅರ್ಧ ಭಾಗ ಬಿಡುವ ಸಿದ್ಧತೆ: ಮೀನಿನ ಮೈಯ ಲೋಳೆ ಮತ್ತು ರೆಕ್ಕೆ ಕೆಡದಂತೆ ರಬ್ಬರ್ ಲೇಪದ, ಮಗು ಕುಳಿತುಕೊಳ್ಳಬಹುದಾದಷ್ಟು ಆಳದ ಕೈಬಲೆ, ಮೀನನ್ನು ನೀರಿನಲ್ಲೇ ಇಟ್ಟುಕೊಂಡು ಗಾಳ ಬಿಡಿಸಲು ಉದ್ದ ಮೂತಿಯ ಇಕ್ಕಳ, ಬಿಡಿಸಲಾಗದಿದ್ದರೆ ಗಾಳವನ್ನೇ ಕತ್ತರಿಸಲು ಗಟ್ಟಿ ಕಟರ್, ಉದ್ದ ಅಳೆಯಲು ಒದ್ದೆ ಮಾಡಿದ ಹಲಗೆ. ಈ ಪಟ್ಟಿಯನ್ನು ಓದಿ ಹೇಳಿದಾಗ ಯಜಮಾನರು, "ಬಿಡ್ಲಿಕ್ಕಾ? ಅಷ್ಟು ಖರ್ಚು ಮಾಡಿ ಅಷ್ಟು ದೂರ ಹೋಗಿ?" ಎಂದು ಕೇಳಿ, ಪಕ್ಕದ ಅಂಗಡಿಯವರನ್ನೂ ಕರೆದು ವಿಷಯ ತಿಳಿಸಿದರು. ನನ್ನ ಹೆಂಡತಿಯ ಅಭಿಪ್ರಾಯವೂ ಅವರದಕ್ಕಿಂತ ಭಿನ್ನವಾಗಿರಲಿಲ್ಲ. ಇಕ್ಕಳ ಮಾತ್ರ ಅಲ್ಲಿ ಸಿಕ್ಕಿತು, 650 ರೂಪಾಯಿಗೆ, ಉತ್ತಮ ಗುಣಮಟ್ಟದ್ದು. ಕಟರನ್ನು ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡೆ. ಅಂಗಡಿಯಲ್ಲಿದ್ದ ಕೈಬಲೆ ಗಂಟುಗಂಟಾದ ನೈಲಾನಿನದು. ಅದನ್ನು ಕೊಳ್ಳದೆ ಬಿಟ್ಟದ್ದು ಒಳ್ಳೆಯದಾಯಿತು.

ಬಿಡುವ ಸಾಮಾನು ಏಕೆ ಬೇಕೆಂಬುದು ಎರಡನೆಯ ದಿನವೇ ತಿಳಿದಿತ್ತು. ಕ್ಯಾಬೇಜ್ ಎಂದು ಅವರು ಕರೆಯುವ ಅಗಲ ಎಲೆಯ ನೀರುಕಳೆಯ ಅಂಚಿನಲ್ಲಿ ಅಳಿಯನ ಬಕ್‌ಟೇಲಿಗೆ ಮಸ್ಕಿಯೊಂದು ಬಿತ್ತು. ಲೂರ್ ಅಲ್ಲಿಯದು, ಸರಿಗೆ ನಮ್ಮ ಬಂದರಿನದು. ಬಲೆಯೊಳಗೆ ಹೊರಳಿದ ಮೀನಿನ ದವಡೆಗೆ ಒಂದು ಗಾಳ, ಬಲೆಗೆ ಇನ್ನೊಂದು ಗಾಳ ಸಿಕ್ಕಿಕೊಂಡು ಇಕ್ಕಳ ನಿರುಪಯೋಗಿಯಾದಾಗ, ಹಾರ್ಡ್‌ವೇರ್ ಅಂಗಡಿಯ ಕಟರ್ ಎರಡು ಹೊಡೆತಕ್ಕೆ ಗಾಳವನ್ನು ತುಂಡರಿಸಿತು. 42 ಇಂಚು. ಒದ್ದೆ ಕೈಯಲ್ಲಿ ಅಡ್ಡಲಾಗಿ ಎತ್ತಿ ಒಂದು ಚಿತ್ರ ತೆಗೆದು, ಬಾಲದ ಬುಡವನ್ನು ಹಿಡಿದು ನೀರಿನಲ್ಲಿ ನಿಲ್ಲಿಸಿದರೆ, ಅರೆನಿಮಿಷದ ಮೇಲೆ ಅದು ಕೈಯನ್ನು ಒದ್ದು ಇಳಿದುಹೋಯಿತು. ಮಂಗಳೂರಿನಿಂದ ಒಯ್ದ ಮೀನಿನ ಮಸಾಲೆ ಆ ರಾತ್ರಿ ವಾಲೈ ಎಂಬ ಬೇರೊಂದು ಮೀನಿನ ಪಾಲಾಯಿತು; ಅದು ನಮ್ಮ ಕಾಣೆ ಮೀನಿನ ರುಚಿಗೆ ದೂರವಿಲ್ಲ.

ಹೊರಡುವವರಿಗೆ ಅಂಗಡಿಯಲ್ಲಿ ಯಾರೂ ಹೇಳದ ಕೆಲವು ವಿಷಯಗಳನ್ನು ಇಲ್ಲಿಯೇ ಸೇರಿಸುತ್ತೇನೆ. ಪರಸ್ಥಳದವರಿಗೆ ಮಿನ್ನೆಸೋಟದ ಗಾಳದ ಪರವಾನಗಿ 24 ಗಂಟೆ, 72 ಗಂಟೆ ಮತ್ತು 7 ದಿನಗಳ ಅವಧಿಗೆ ಸಿಗುತ್ತದೆ, ಆನ್‌ಲೈನಿನಲ್ಲೇ ಪಡೆಯಬಹುದು. ಬೇಸಿಗೆಯ ತೆರೆದ ನೀರಿನಲ್ಲಿ ಒಬ್ಬರಿಗೆ ಒಂದೇ ದಾರ. ನಮ್ಮಂತೆ ಎರಡು ಮೂರು ರಾಡ್ ಊರಿ ಕುಳಿತುಕೊಳ್ಳುವಂತಿಲ್ಲ. ಗಾಳ, ಇಕ್ಕಳ, ಕಟರ್ ಎಲ್ಲವನ್ನೂ ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಯೇ ಇಡಬೇಕು. ದೋಣಿಯನ್ನು ನೀರಿನಿಂದ ಎತ್ತಿದ ಕೂಡಲೇ ಬುಡದ ಬಿರಡೆ ತೆಗೆದು ನೀರು ಹರಿಸಿಯೇ ರಸ್ತೆಗೆ ಇಳಿಯಬೇಕೆಂಬ ಕಾನೂನಿದೆ, ಏಕೆಂದರೆ ನಮ್ಮ ಪಚ್ಚಿಲೆಯನ್ನು ಹೋಲುವ, ಉಗುರಿನಷ್ಟು ಗಾತ್ರದ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಒಂದು ಸರೋವರದಿಂದ ಇನ್ನೊಂದಕ್ಕೆ ಹರಡಿ ಹಾವಳಿ ಮಾಡುತ್ತಿದೆ. ಅದನ್ನು ಸುಕ್ಕ ಮಾಡಲು ಬರುವುದಿಲ್ಲವೇ ಎಂದು ಯಜಮಾನರು ಕೇಳಿದರು. ಅಷ್ಟು ದೊಡ್ಡದಿಲ್ಲ ಎಂದೆ.

ಒಟ್ಟು ನಾನು ಆ ಅಂಗಡಿಯಲ್ಲಿ ಖರ್ಚು ಮಾಡಿದ್ದು ಹದಿನೇಳು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಈಗ ಮತ್ತೊಮ್ಮೆ ಹೋಗುವುದಾದರೆ ರಾಡನ್ನು ಕೊಳ್ಳುವುದಿಲ್ಲ. ಬ್ರೇಡ್, ಇಕ್ಕಳ ಮತ್ತು ಸರಿಗೆಯ ಲೀಡರ್‌ಗಳನ್ನು ಅಲ್ಲಿಂದಲೇ ಕೊಳ್ಳುತ್ತೇನೆ, ಪ್ರತಿ ಲೂರಿನ ರಿಂಗನ್ನೂ ಆ ಸೀಸದ ಚೀಲಕ್ಕೆ ತೂಗುಹಾಕಿ ತೋರಿಸಿ ಎಂದು ಕೇಳುತ್ತೇನೆ. ಬಿಲ್ ಬೇಕಾದವರು ಮೊದಲೇ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ರಟ್ಟಿನ ತುಂಡಿನ ಮೇಲೆ ಬರುತ್ತದೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಮುಚ್ಚಿರುತ್ತದೆ. ಕಾರಿನಲ್ಲಿ ಹೋಗುವ ಸಾಹಸ ಬೇಡ.

ಅಂಗಡಿಯ ಗೋಡೆಯ ಮೇಲೆ ಗಿರಾಕಿಗಳು ಹಿಡಿದ ಅಂಜಲ್ ಮೀನುಗಳ ಚಿತ್ರಗಳ ನಡುವೆ ಅಳಿಯನ ಮಸ್ಕಿಯ ಚಿತ್ರವೂ ಈಗ ಇದೆ. ಅದರ ಕೆಳಗೆ ಯಜಮಾನರ ಕೈಬರಹದಲ್ಲಿ "42 ಇಂಚು, ಬಿಟ್ಟದ್ದು" ಎಂದಿದೆ. ರಬ್ಬರ್ ಲೇಪದ ಕೈಬಲೆಯೊಂದನ್ನು ತರಿಸಿಕೊಡಲು ಸಾಧ್ಯವೇ ಎಂದು ನಾನು ಕಳೆದ ವಾರ ಕೇಳಿದ್ದೇನೆ, ಸಸಿಹಿತ್ಲುವಿನಲ್ಲಿ ಸಿಗುವ ಮರಿ ಮೀನುಗಳನ್ನು ಬಿಡುವುದಕ್ಕೂ ಆದೀತೆಂದು. ಒಂದೇ ಬಲೆಗೆ ಸಾಗಣೆಯ ಖರ್ಚು ಹೊಂದುವುದಿಲ್ಲ, ಇನ್ನೊಬ್ಬರು ಗಿರಾಕಿ ಸಿಕ್ಕಿದರೆ ತರಿಸುತ್ತೇನೆ ಎಂದಿದ್ದಾರೆ. ಓದಿದವರಲ್ಲಿ ಯಾರಿಗಾದರೂ ಬೇಕಿದ್ದರೆ, ಅಂಗಡಿಗೆ ಹೋಗಿ ಮಾಷ್ಟ್ರು ಹೇಳಿದ ಬಲೆ ಎಂದರೆ ಅವರಿಗೆ ಗೊತ್ತಾಗುತ್ತದೆ.